ಅಥಣಿ ಲೈನಿನ ಚಹಾ

“ಈ ಚಹಾದಾಗ ತಂಬಾಕಿನ ವಾಸನಿ ಬರತೈತ್ರಿ ಬಾಯಾರ.”

ಗೋಡೌನಿನಲ್ಲಿ ಎಲ್ಲರ ಕೈಗಳೂ ಒಮ್ಮೆಲೇ ನಿಂತವು. ಸೀಮೆಸುಣ್ಣ ಹಿಡಿದು ಬಾಕ್ಸುಗಳ ಮೇಲೆ ಅಂಗಡಿಗಳ ಹೆಸರು ಬರೆಯುತ್ತಿದ್ದ ದ್ರೌಪದಿ ತಲೆ ಎತ್ತಿ ನೋಡಿದಳು.

ಬಾಗಿಲಲ್ಲಿ ಎತ್ತರದ ಯುವಕನೊಬ್ಬ ನಿಂತಿದ್ದ. ಬಿಸಿಲಿಗೆ ಕಂದಿದ ಮುಖ, ಮೊಳಕೈವರೆಗೆ ಮಡಚಿದ ತೋಳು, ಹೆಗಲ ಮೇಲೊಂದು ಚಹಾದ ಬಾಕ್ಸು. ಅವನ ಹಿಂದೆ ನಿಂತ ವ್ಯಾನಿನಲ್ಲಿ ಅಂಥವೇ ಇನ್ನೂ ಹದಿಮೂರು ಇದ್ದವು.

‘ಯಾರಿವನು? ಬಂದವನೇ ನಮಸ್ಕಾರವಿಲ್ಲ, ಗುರುತಿಲ್ಲ… ನೇರ ದೂರು!’

ವ್ಯಾನಿನ ಡ್ರೈವರ್ ಬಾಳಾಸಾಬ ಓಡಿ ಬಂದು ಪರಿಚಯ ಹೇಳಿದ. ಇವನು ಭರಮು, ತೆಲಸಂಗದವನು. ಮೂರು ವಾರದ ಹಿಂದೆ ಧಣಿ ಪಾರಿಸಣ್ಣನವರು ಅಥಣಿ ಲೈನಿಗೆ ಇಟ್ಟುಕೊಂಡ ಹೊಸ ಸೇಲ್ಸ್‌ಮನ್. ಅಥಣಿಯಲ್ಲೇ ವ್ಯಾನು ಹತ್ತಿ ಅಂಗಡಿ ಅಂಗಡಿಗೆ ಮಾಲು ಇಳಿಸುವವನು, ನಿಪ್ಪಾಣಿಗೆ ಬಂದದ್ದು ಇದೇ ಮೊದಲು.

ಮೊದಲ ಭೇಟಿಗೇ ಹದಿನಾಲ್ಕು ಬಾಕ್ಸು ವಾಪಸ್! ಎಂಥ ಚಂದದ ಉಡುಗೊರೆ ನೋಡಿ.

ಅದು 1989ರ ಜೂನ್. ತಂಬಾಕಿನ ಪೇಟೆ ನಿಪ್ಪಾಣಿಯ ಪಾರಿಸಣ್ಣನವರ ಏಜೆನ್ಸಿ ಎಂದರೆ ಚಿಕ್ಕೋಡಿಯಿಂದ ತೆಲಸಂಗದವರೆಗಿನ ಕಿರಾಣಿ ಅಂಗಡಿಯವರಿಗೆಲ್ಲ ಗೊತ್ತು. ಸಾಬೂನು, ಕಡ್ಡಿಪೆಟ್ಟಿಗೆ, ಹಲ್ಲುಪುಡಿ, ತಲೆಗೆ ಹಚ್ಚುವ ಎಣ್ಣೆ ಎಲ್ಲ ಕಂಪನಿಯ ಲಾರಿಯಲ್ಲಿ ಬಂದು ಇಲ್ಲಿ ಇಳಿಯುತ್ತಿದ್ದವು, ಇಲ್ಲಿಂದ ವ್ಯಾನು ಹತ್ತಿ ಊರೂರಿಗೆ ಹೋಗುತ್ತಿದ್ದವು. ಎರಡು ತಿಂಗಳಿಂದ ಮಿರಜದ ಒಂದು ಕಂಪನಿಯ ‘ಗುಲಮೊಹರ’ ಚಹಾ ಹೊಸದಾಗಿ ಸೇರಿತ್ತು.

ಆ ಗೋಡೌನಿನ ಕೀಲಿ ಇದ್ದದ್ದು ಇಪ್ಪತ್ಮೂರು ವರ್ಷದ ದ್ರೌಪದಿಯ ಸೊಂಟದಲ್ಲಿ. ಮೊದಲು ಬಂದ ಮಾಲು ಮೊದಲು ಹೋಗಬೇಕು. ಕೊನೆಯ ಊರಿನ ಬಾಕ್ಸು ವ್ಯಾನಿನೊಳಗೆ ಮೊದಲು ಏರಬೇಕು, ಆಗಲೇ ಇಳಿಸುವಾಗ ಸರಿಯಾಗುತ್ತದೆ. ಇದೆಲ್ಲ ಅವಳಿಗೆ ಕಣ್ಣು ಮುಚ್ಚಿದರೂ ಬರುತ್ತಿತ್ತು. ತಂಬಾಕಿನ ವಖಾರಿಯಲ್ಲಿ ಎಲೆ ಹಸನು ಮಾಡುವ ಜನಾಬಾಯಿಯ ಮಗಳ ಕೈಗೆ ಕೀಲಿ ಕೊಟ್ಟಾಗ ಪೇಟೆಯವರು ಪಾರಿಸಣ್ಣನವರನ್ನು ನೋಡಿ ನಕ್ಕಿದ್ದರು. ಅವರು ಆ ನಗುವಿಗೆ ಕಿವಿಗೊಡಲಿಲ್ಲ. ಆ ಉಪಕಾರವನ್ನು ದ್ರೌಪದಿ ದಿನಕ್ಕೊಮ್ಮೆಯಾದರೂ ನೆನೆಯುತ್ತಿದ್ದಳು.

ಅಂಥವಳ ಮಾಲಿಗೆ ವಾಸನೆಯೇ?

ಅವಳು ಒಂದು ಪೊಟ್ಟಣ ಒಡೆದು ಅಂಗೈಗೆ ಸುರುವಿಕೊಂಡು ಮೂಸಿದಳು. ಚಹಾದ ವಾಸನೆ, ಅಷ್ಟೇ. ಬಾಳಾಸಾಬನಿಗೆ ಕೊಟ್ಟಳು, ಹಮಾಲರಿಗೆ ಕೊಟ್ಟಳು. ಎಲ್ಲರೂ ಮೂಸಿ ತಲೆ ಅಲ್ಲಾಡಿಸಿದರು.

“ಇಲ್ಲಿ ಯಾರಿಗೂ ಬರವಲ್ದು. ನಿಮಗಷ್ಟ ಹೆಂಗ ಬರತೈತ್ರಿ?”

“ನನಗಷ್ಟ ಅಲ್ರಿ,” ಅಂದ ಭರಮು. “ಅಥಣಿ, ಮಂಗಸೂಳಿ, ತೆಲಸಂಗ… ಹಾಲ ಹಾಕಿ ಕುದಿಸಿದ್ರ ಮನಿ ತುಂಬ ಬರತೈತಿ ಅಂತಾರ. ಈ ಗೋಡೌನ ಮೊದಲ ತಂಬಾಕಿನ ವಖಾರಿ ಇತ್ತೇನ್ರಿ? ಗ್ವಾಡ್ಯಾಗ, ನೆಲದಾಗ, ಇಲ್ಲಿರೂ ಎಲ್ಲಾದ್ರಾಗೂ ಅದ ವಾಸನಿ ಐತಿ.”

ಎಲ್ಲಾದ್ರಾಗೂ!

ದ್ರೌಪದಿಯ ಎದೆಯಲ್ಲಿ ಹಳೆಯ ಗಾಯವೊಂದು ಚುರ್ರೆಂದಿತು. ಐದು ವರ್ಷದ ಹಿಂದೆ ಟೈಪಿಂಗ್ ಕಲಿಯಲು ಅವಳು ದಿನಾ ಬಸ್ಸಿನಲ್ಲಿ ಚಿಕ್ಕೋಡಿಗೆ ಹೋಗುತ್ತಿದ್ದಳು. ಮೊದಲ ದಿನವೇ ಪಕ್ಕದ ಹುಡುಗಿಯರು ಮೂಗಿಗೆ ಸೆರಗು ಹಿಡಿದು ಬೇರೆ ಬೆಂಚಿಗೆ ಹೋಗಿ ಕೂತಿದ್ದರು. ‘ಬೀಡಿ ಹುಡುಗಿ’ ಎಂದು ನಕ್ಕಿದ್ದರು. ಆರು ತಿಂಗಳು ಅವಳು ಬೆಂಚಿನಲ್ಲಿ ಒಬ್ಬಳೇ ಕೂತು ಕಲಿತಳು. ತನ್ನ ಮೈಗೆ ಅದೇನು ವಾಸನೆ ಎಂದು ಅವಳಿಗೆ ಅವತ್ತೂ ತಿಳಿಯಲಿಲ್ಲ, ಎಷ್ಟು ಸಾಬೂನು ಹಚ್ಚಿ ತಿಕ್ಕಿಕೊಂಡರೂ ಹೋಯಿತೋ ಇಲ್ಲವೋ ಗೊತ್ತಾಗಲಿಲ್ಲ.

‘ಇವನೂ ಅದೇ ಜಾತಿಯ ಮನುಷ್ಯ’ ಅಂದುಕೊಂಡಳು. ವಾಪಸ್ ಮಾಲಿನ ಚೀಟಿಯ ಮೇಲೆ ‘ಮಾಲಿನಲ್ಲಿ ದೋಷವಿಲ್ಲ’ ಎಂದು ಒತ್ತಿ ಬರೆದು ಅವನ ಮುಂದೆ ಹಿಡಿದಳು.

ಭರಮು ಓದಿದ. ಸಿಟ್ಟಾಗಲಿಲ್ಲ. ಚೀಟಿಯನ್ನೂ, ಪಕ್ಕದ ಬಾಕ್ಸುಗಳ ಮೇಲಿನ ಸೀಮೆಸುಣ್ಣದ ಅಕ್ಷರಗಳನ್ನೂ ಒಮ್ಮೆ ನೋಡಿದ.

“ದಿನಾ ಹೆಸರ ಬರ್ಯಾವ್ರು ನೀವೇನ್ರಿ? ಅಕ್ಷರ ಭಾಳ ಚಂದ ಅದಾವ.”

ಇಷ್ಟು ಹೇಳಿ ಹೋಗಿಯೇಬಿಟ್ಟ. ದ್ರೌಪದಿಗೆ ಬಯ್ಯಬೇಕೋ ನಗಬೇಕೋ ತಿಳಿಯಲಿಲ್ಲ.

*

ಮುಂದಿನ ವಾರ ಬಾಳಾಸಾಬ ಅಥಣಿ ಲೈನಿನಿಂದ ಖಾಲಿ ಬಾಕ್ಸುಗಳನ್ನು ತಂದು ಇಳಿಸಿದಾಗ ದ್ರೌಪದಿ ನೋಡುತ್ತಲೇ ನಿಂತಳು. ಎಲ್ಲವನ್ನೂ ಬಿಚ್ಚಿ, ಮಡಚಿ, ಅಳತೆಯ ಪ್ರಕಾರ ಜೋಡಿಸಿ ಸುತಳಿಯಿಂದ ಕಟ್ಟಲಾಗಿತ್ತು. ನಾಲ್ಕು ವರ್ಷದಲ್ಲಿ ಯಾವ ಸೇಲ್ಸ್‌ಮನ್ನನೂ ಹಾಗೆ ಮಾಡಿರಲಿಲ್ಲ. ಸುತಳಿಯೊಳಗೆ ಒಂದು ಚೀಟಿ ಇತ್ತು.

‘ತೆಲಸಂಗದ ಬಾಕ್ಸಿನ ಮೇಲೆ ಮಳೆ ಬಿದ್ದು ಹೆಸರು ಅರ್ಧ ಅಳಿಸಿತ್ತು. ಅಕ್ಷರದ ದುಂಡು ನೋಡಿ ಗುರುತು ಹಿಡಿದೆ. ಉಪಕಾರ ಆಯಿತು. – ಭರಮು.’

ಉಪಕಾರ? ಬಾಕ್ಸಿನ ಮೇಲೆ ಹೆಸರು ಬರೆದದ್ದಕ್ಕೆ ಯಾರಾದರೂ ಉಪಕಾರ ಅನ್ನುತ್ತಾರೆಯೇ? ಅವಳು ಚೀಟಿಯನ್ನು ಹರಿಯಲು ಹೋಗಿ, ಹರಿಯದೆ, ಬುತ್ತಿಡಬ್ಬಿಯ ಚೀಲದಲ್ಲಿ ಇಟ್ಟುಕೊಂಡಳು.

ಆಮೇಲೆ ವಾರ ವಾರ ಚೀಟಿ ಬರತೊಡಗಿದವು. ಎಲ್ಲ ಕೆಲಸದ ಮಾತೇ, ಪ್ರೇಮಪತ್ರ ಎಂದು ತಿಳಿಯಬೇಡಿ! ಕಾಗವಾಡದ ಅಂಗಡಿಗೆ ದೊಡ್ಡ ಸಾಬೂನು ಬೇಡ, ಅಲ್ಲಿ ಕಬ್ಬಿನ ಹೊಲದ ಕೂಲಿಯವರು ವಾರಕ್ಕಾಗುವಷ್ಟೇ ಕೊಳ್ಳುತ್ತಾರೆ, ಸಣ್ಣವು ಕಳಿಸಿರಿ ಎಂದು ಬರೆದ. ಕಳಿಸಿದಳು. ಎರಡೇ ದಿನದಲ್ಲಿ ಖಾಲಿಯಾದವು. ಮಂಗಸೂಳಿಗೆ ಭಾನುವಾರ ಮಲ್ಲಯ್ಯನ ದರ್ಶನಕ್ಕೆ ಜನ ಕೂಡುತ್ತಾರೆ, ಅಲ್ಲಿಯ ಬಾಕ್ಸು ಶನಿವಾರವೇ ಮುಟ್ಟಬೇಕು ಎಂದ. ಮುಟ್ಟಿಸಿದಳು. ಅವಳೂ ಬಾಕ್ಸಿನ ಮಡಿಕೆಯ ಒಳಗೆ ಒಂದೆರಡು ಸಾಲು ಬರೆಯತೊಡಗಿದಳು. ಅವನ ಚೀಟಿ ಮಾತ್ರ ಪ್ರತಿ ಸಲವೂ ‘ಉಪಕಾರ ಆಯಿತು’ ಎಂದೇ ಮುಗಿಯುತ್ತಿತ್ತು.

ಗೋಡೌನಿನಲ್ಲಿ ಎಲ್ಲರನ್ನೂ ಅವಳು ಅಣ್ಣ ಎಂದೇ ಕರೆಯುತ್ತಿದ್ದಳು. ಬಾಳಾಸಾಬಣ್ಣ, ಹಮಾಲ ಮಾಯಪ್ಪಣ್ಣ… ಭರಮುವನ್ನು ಮಾತ್ರ ‘ತೆಲಸಂಗದವರು’ ಅನ್ನುತ್ತಿದ್ದಳು. ಅಣ್ಣ ಎಂಬ ಮಾತು ನಾಲಿಗೆಯ ತುದಿಗೆ ಬಂದು ಅಲ್ಲೇ ನಿಲ್ಲುತ್ತಿತ್ತು. ಯಾಕೆಂದು ಅವಳು ತನ್ನನ್ನು ತಾನು ಕೇಳಿಕೊಳ್ಳಲಿಲ್ಲ. ಬಾಳಾಸಾಬ ಮಾತ್ರ ಮೀಸೆಯಲ್ಲೇ ನಗುತ್ತಿದ್ದ.

ದೀಪಾವಳಿಯ ಹೊತ್ತಿಗೆ ಬಂದ ಒಂದು ಚೀಟಿ ಅವಳ ಮನಸ್ಸು ಕೆಡಿಸಿತು.

‘ಮಿರಜಕ್ಕೂ ಕಾಗವಾಡಕ್ಕೂ ಬಸ್ಸಿನಲ್ಲಿ ಅರ್ಧ ತಾಸಿನ ದಾರಿ. ಆದರೆ ಮಿರಜದ ಚಹಾ ನಿಪ್ಪಾಣಿ ಸುತ್ತಿಕೊಂಡು, ಅಲ್ಲಿ ಹದಿನೈದು ದಿನ ಕೂತು, ನಮ್ಮ ಕಡೆಗೆ ಬರುತ್ತದೆ. ಕಾಗವಾಡದಲ್ಲೇ ಇಳಿಸಿದರೆ ವಾಸನೆ ಹಿಡಿಯುವುದಿಲ್ಲ. ಧಣಿಯವರಿಗೆ ಹೇಳಿ ನೋಡಿರಿ.’

‘ಮತ್ತೆ ಅದೇ ಮಾತು’ ಅಂದುಕೊಂಡಳು. ಅದನ್ನು ಯಾರಿಗೂ ಹೇಳಲಿಲ್ಲ. ಆದರೂ ಆ ಚೀಟಿಯನ್ನೂ ಉಳಿದವುಗಳ ಕೆಳಗೆ ಜೋಪಾನ ಮಾಡಿದಳು.

ಜನವರಿಯಲ್ಲಿ ತೆಲಸಂಗದಿಂದ ಒಂದು ಸಣ್ಣ ಗಂಟು ಬಂತು. ಎಳೆ ಜೋಳದ ತೆನೆ ಸುಟ್ಟು ಉದುರಿಸಿದ ಸೀತನಿ. ತಾಯಿ ಮಗಳು ಇಬ್ಬರೂ ಬಾಗಿಲಲ್ಲಿ ಕೂತು ತಿಂದರು. “ಯಾರ ಕಳಿಸ್ಯಾರ?” ಎಂದು ಜನಾಬಾಯಿ ಕೇಳಿದ್ದಕ್ಕೆ, “ಅಥಣಿ ಲೈನಿಂದ ಬಂದೈತಿ” ಅಂದಳು ದ್ರೌಪದಿ. ತಾಯಿ ಮುಂದೆ ಕೇಳಲಿಲ್ಲ. ಕೇಳಬೇಕಾದ್ದೆಲ್ಲ ಮಗಳ ಮುಖದ ಮೇಲೇ ಇತ್ತು.

*

ಆ ತಿಂಗಳ ಕೊನೆಗೆ ಬಾಯಲ್ಲಿ ತಂಬಾಕು ಅಗಿಯುತ್ತ ಚಹಾ ಕಂಪನಿಯ ಸಾಹೇಬರೊಬ್ಬರು ಬಂದರು.

ನಿಪ್ಪಾಣಿ, ಕೊಗನೊಳ್ಳಿಯ ಸುತ್ತಮುತ್ತ ಗುಲಮೊಹರ ಚೆನ್ನಾಗಿ ಹೋಗುತ್ತಿತ್ತು. ಅಥಣಿ ಲೈನಿನಲ್ಲಿ ಮಾತ್ರ ಯಾರೂ ಎರಡನೇ ಪೊಟ್ಟಣ ಕೊಳ್ಳುತ್ತಿರಲಿಲ್ಲ. ಹೀಗೇ ಆದರೆ ಏಜೆನ್ಸಿ ಬೇರೆಯವರಿಗೆ ಕೊಡುತ್ತೇವೆ ಎಂದರು ಸಾಹೇಬರು. ಪಾರಿಸಣ್ಣನವರ ಮುಖ ಇಳಿದುಹೋಯಿತು. ಭರಮುವನ್ನು ಕರೆಸಿದರು. ಅವನು ಜೂನ್ ತಿಂಗಳಲ್ಲಿ ಹೇಳಿದ್ದನ್ನೇ ಹೇಳಿದ.

ಎಲ್ಲರ ಕಣ್ಣು ದ್ರೌಪದಿಯ ಕಡೆಗೆ ತಿರುಗಿತು.

‘ದೇವರೇ, ನಾನೇನು ಹೇಳಲಿ?’ ಅವನ ಪರವಾಗಿ ಒಂದು ಮಾತು ಆಡಲು ಮನಸ್ಸು ಹಂಬಲಿಸಿತು. ಆದರೆ ಬೆಳಿಗ್ಗೆಯೇ ಅವಳು ಮೂರು ಪೊಟ್ಟಣ ಒಡೆದು ಮೂಸಿದ್ದಳು. ಏನೂ ಇರಲಿಲ್ಲ. ಕೀಲಿ ಕೊಟ್ಟು ನಂಬಿದ ಧಣಿಯ ಮುಂದೆ ಸುಳ್ಳು ಹೇಗೆ ಹೇಳಲಿ?

“ನನಗ ಏನೂ ವಾಸನಿ ಬರಂಗಿಲ್ರಿ. ಮಾಲು ಸರಿ ಐತಿ.”

ಹಾಗಾದರೆ ಈಕೆ ಸುಳ್ಳು ಹೇಳುತ್ತಾಳೋ, ನೀನೋ ಎಂದು ಸಾಹೇಬರು ಭರಮುವನ್ನು ಕೇಳಿದರು.

“ಬಾಯಾರು ಸುಳ್ಳ ಹೇಳಾವ್ರಲ್ರಿ,” ಅಂದ ಅವನು ಮೆಲ್ಲಗೆ. “ತಂಬಾಕಿನಾಗ ಹುಟ್ಟಿ ಬೆಳದವರಿಗೆ ಆ ವಾಸನಿ ಹೆಂಗ ತಿಳೀಬೇಕ್ರಿ?”

ಸಾಹೇಬರು ಗೊಳ್ಳೆಂದು ನಕ್ಕರು.

ಆ ನಗು! ಚಿಕ್ಕೋಡಿಯ ಬೆಂಚಿನಲ್ಲಿ ಕೇಳಿದ ಅದೇ ನಗು. ದ್ರೌಪದಿಗೆ ಆಮೇಲಿನ ಮಾತು ಒಂದೂ ಕೇಳಿಸಲಿಲ್ಲ. ಭರಮುವನ್ನು ಲೈನಿನಿಂದ ತೆಗೆಯಬೇಕು ಎಂದಾಯಿತು. ಪಾರಿಸಣ್ಣನವರು ಒಲ್ಲದ ಮನಸ್ಸಿನಿಂದ ಹೂಂ ಅಂದರು.

ಹೊರಗೆ ವ್ಯಾನಿನ ಹತ್ತಿರ ಅವನು ಅವಳಿಗಾಗಿಯೇ ನಿಂತಿದ್ದ. ಏನೋ ಹೇಳಲು ಬಾಯಿ ತೆರೆದ. ಅವಳು ಅವಕಾಶ ಕೊಡಲಿಲ್ಲ.

“ಹೌದ್ರಿ, ನಾವು ತಂಬಾಕಿನ ಮಂದಿ. ನಮ್ಮ ವಾಸನಿ ಸೇರಲಾರದವ್ರು ನಮ್ಮ ಬಾಗಲಕ ಬರಬಾರ್ದು.”

ಅವನ ಮುಖದಲ್ಲಿ ಮೊದಲು ಆಶ್ಚರ್ಯ ಕಂಡಿತು, ಆಮೇಲೆ ನೋವು. ಮಡಚಿ ಕಟ್ಟಿದ ಬಾಕ್ಸುಗಳ ಕಟ್ಟನ್ನು ಮೆಟ್ಟಿಲ ಮೇಲಿಟ್ಟು ಬಸ್‌ಸ್ಟ್ಯಾಂಡಿನ ದಾರಿ ಹಿಡಿದ. ಅವಳು ಒಳಗೆ ಬಂದು ಸಾಬೂನಿನ ಬಾಕ್ಸುಗಳ ಮರೆಯಲ್ಲಿ ನಿಂತು ಅತ್ತಳು. ಅಳು ಯಾಕೆ ಬರುತ್ತಿದೆ ಎಂದು ಮಾತ್ರ ಒಪ್ಪಿಕೊಳ್ಳಲಿಲ್ಲ.

*

ಫೆಬ್ರವರಿಯಲ್ಲಿ, ಮಂಗಸೂಳಿಗೆ ಮದುವೆ ಮಾಡಿ ಕೊಟ್ಟಿದ್ದ ತಂಗಿಯ ಬಾಣಂತನಕ್ಕೆ ದ್ರೌಪದಿ ಅಲ್ಲಿಗೆ ಹೋಗಬೇಕಾಯಿತು. ತಾಯಿಗೆ ಕೆಮ್ಮು, ಬಸ್ಸಿನ ದಾರಿ ಆಗುತ್ತಿರಲಿಲ್ಲ. ಪಾರಿಸಣ್ಣನವರು ಮೂರು ವಾರ ರಜೆ ಕೊಟ್ಟರು.

ಮಂಗಸೂಳಿಯಲ್ಲಿ ಕೂಸಿನ ಎಣ್ಣೆ ನೀರು, ಲೋಬಾನದ ಹೊಗೆ, ಹೊಸ ಜೋಳದ ಕಣಿಕೆಯ ಬಣವೆ, ಗುಡಿಯಿಂದ ಬಂದವರ ಹಣೆಯ ಅರಿಶಿನದ ಭಂಡಾರ. ಆ ಮೂರು ವಾರ ಅವಳು ತಂಬಾಕಿನಿಂದ ದೂರ ಇದ್ದಳು. ಹುಟ್ಟಿದಂದಿನಿಂದ ಅಷ್ಟು ದಿನ ದೂರ ಇದ್ದದ್ದು ಅದೇ ಮೊದಲು. ಅದು ಅವಳ ಗಮನಕ್ಕೂ ಬರಲಿಲ್ಲ.

ಮರಳಿ ಬಂದು ನಿಪ್ಪಾಣಿಯ ಸ್ಟ್ಯಾಂಡಿನಲ್ಲಿ ಬಸ್ಸಿನಿಂದ ಇಳಿದವಳು ಅಲ್ಲೇ ನಿಂತುಬಿಟ್ಟಳು.

ಏನಿದು… ಖಾರ ಖಾರ, ಸಿಹಿ ಸಿಹಿ, ಮೂಗಿನ ತುದಿಗೆ ಚುಚ್ಚುವ ಒಣ ವಾಸನೆ! ಯಾರೋ ತಂಬಾಕಿನ ಚೀಲ ಬಿಚ್ಚಿರಬೇಕು ಅಂದುಕೊಂಡಳು. ನಾಲ್ಕು ಹೆಜ್ಜೆ ನಡೆದಳು, ಹೋಗಲಿಲ್ಲ. ಪೇಟೆ ದಾಟಿದಳು, ಓಣಿ ಹೊಕ್ಕಳು, ವಾಸನೆ ಜೊತೆಗೇ ಬಂತು. 

ಹೊಸ್ತಿಲಲ್ಲಿ ಜನಾಬಾಯಿ ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೆಟಿಗೆ ಮುರಿದಳು. ಆ ಕೈಗಳಿಂದಲೂ ಅದೇ ವಾಸನೆ ಬಂತು.

“ಅವ್ವಾ… ನಿನ್ನ ಕೈಗೆ ತಂಬಾಕಿನ ವಾಸನಿ ಐತಿ.”

ಜನಾಬಾಯಿ ನಕ್ಕಳು. “ಮೂವತ್ತ ವರ್ಷ ಅದನ್ನ ಹಸನ ಮಾಡೇನಿ. ಬರಲಾರದ ಏನ ಮಾಡೀತು? ಆ ವಾಸನಿನ ನಿನಗ ಸಾಲಿ ಕಲಿಸೇತಿ.”

ದ್ರೌಪದಿ ತಾಯಿಯ ಮಡಿಲಿನಲ್ಲಿ ಮುಖವಿಟ್ಟು ಬಿಕ್ಕಿದಳು. ಈ ವಾಸನೆಗೆ ತಾನು ಐದು ವರ್ಷ ನಾಚಿಕೊಂಡಿದ್ದಳಲ್ಲ! ಇದು ತನ್ನ ಪುಸ್ತಕ, ತನ್ನ ಬಸ್ಸಿನ ಪಾಸು, ತಟ್ಟೆಯ ಮೇಲಿನ ರೊಟ್ಟಿ. ತಾಯಿಯ ಕೈಗಳನ್ನು ಹಿಡಿದು ಮತ್ತೆ ಮತ್ತೆ ಮೂಸಿದಳು. ಆ ಕೈಗಳಿಗೆ ಎಷ್ಟು ಕೃತಜ್ಞಳಾದರೂ ಸಾಲದು ಅನಿಸಿತು.

“ಇಷ್ಟ ದಿನಾ ನನಗ ಯಾಕ ಬರಲಿಲ್ಲಬೇ?”

“ಹುಟ್ಟಿದ್ದ ಇದರಾಗ, ಹೆಂಗ ಬರಬೇಕು? ನಾ ಲಗ್ನ ಆಗಿ ಈ ಊರಿಗೆ ಬಂದಾಗ ಮೂರ ದಿನಾ ಊಟ ಸೇರಲಿಲ್ಲ. ನಾಲ್ಕನೇ ದಿನಕ್ಕ ವಾಸನಿನ ಇಲ್ಲ. ನಿನಗೂ ಮೂರ ದಿನಕ್ಕ ಹೋಗತೈತಿ, ಬಿಡು.”

ತಂಬಾಕಿನಲ್ಲಿ ಹುಟ್ಟಿ ಬೆಳೆದವರಿಗೆ ಆ ವಾಸನೆ ಹೇಗೆ ತಿಳಿಯಬೇಕು… ಭರಮು ಅಂದದ್ದೂ ಇದೇ ಮಾತು! ಅವ್ವ ಹೇಳಿದರೆ ಸತ್ಯ, ಅವನು ಹೇಳಿದರೆ ಅವಮಾನವೇ? ಅವನು ನಗಲಿಲ್ಲ, ನಕ್ಕವರು ಬೇರೆ. ಅವನು ಅವಳನ್ನು ಕಾಪಾಡಲು ಆಡಿದ ಮಾತಿಗೆ ಅವಳು ಅವನ ಕೆಲಸವನ್ನೂ ಮನಸ್ಸನ್ನೂ ಮುರಿದಿದ್ದಳು.

*

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಗೋಡೌನಿನ ಬಾಗಿಲು ತೆರೆದು ಚಹಾದ ಬಾಕ್ಸು ಒಡೆದಳು. ಮೂಗಿನ ಹತ್ತಿರ ಒಯ್ಯಬೇಕಾಗಿಯೇ ಇರಲಿಲ್ಲ. ತಂಬಾಕು!

ಮೂರು ದಿನ ಕಳೆದರೆ ತನಗೂ ಇದು ತಿಳಿಯುವುದಿಲ್ಲ. ಆಮೇಲೆ ತನ್ನ ಮಾತಿನ ಮೇಲೆ ತನಗೇ ನಂಬಿಕೆ ಹೋದೀತು. ಪಾರಿಸಣ್ಣನವರು ಬಂದ ಕೂಡಲೇ ಅವಳು ಎದುರು ನಿಂತು ಎಲ್ಲ ಹೇಳಿದಳು. ಎಂಟು ತಿಂಗಳು ‘ದೋಷವಿಲ್ಲ’ ಎಂದು ಬರೆದ ಕೈ ತನ್ನದು, ಹೋದದ್ದು ಮಾತ್ರ ಭರಮುವಿನ ಕೆಲಸ ಎಂದಳು. ಕೀಲಿಯ ಗೊಂಚಲು ಬಿಚ್ಚಿ ಮೇಜಿನ ಮೇಲಿಟ್ಟಳು.  ಆ ಕೀಲಿ ಹೋದರೆ ಮನೆಗೆ ಕೆಮ್ಮುವ ತಾಯಿಯ ವಖಾರಿಯ ದುಡಿಮೆಯೊಂದೇ ಉಳಿದೀತು, ಅದು ಅವಳಿಗೆ ಗೊತ್ತಿತ್ತು.

ಪಾರಿಸಣ್ಣನವರು ಚಹಾ ಮೂಸಿದರು. ನಿಪ್ಪಾಣಿಯ ಮೂಗು, ಏನು ಹೇಳೀತು ಪಾಪ! ಕೀಲಿಯನ್ನು ಕಿಸೆಗೆ ಹಾಕಿಕೊಂಡು, ಬಾಳಾಸಾಬನಿಗೆ ವ್ಯಾನು ತೆಗೆಯಲು ಹೇಳಿದರು.

ಮೂವರೂ ಕೊಗನೊಳ್ಳಿಗೆ ಹೋದರು. ಅಲ್ಲಿ ಹೈವೇ ಮೇಲೆ ದೂರ ದೂರದ ಲಾರಿಗಳು ನಿಲ್ಲುತ್ತವೆ. ಒಂದು ಹೋಟೆಲಿನಲ್ಲಿ ಹಾಲು ಹಾಕಿ ಗುಲಮೊಹರ ಕುದಿಸಿ, ಇಳಿದ ಡ್ರೈವರುಗಳಿಗೆ ಪುಕ್ಕಟೆ ಕೊಟ್ಟರು. ಮೊದಲನೆಯವನು ಒಂದು ಗುಟುಕು ಕುಡಿದು ಲೋಟದೊಳಗೆ ಇಣುಕಿದ. “ಚಾಯ್ ಮೇಂ ತಂಬಾಕು ಡಾಲಾ ಹೈ ಕ್ಯಾ?” ಅಂದ, ಚಹಾಕ್ಕೆ ತಂಬಾಕು ಹಾಕಿದ್ದೀರಾ ಅಂತ. ಎರಡನೆಯವನಿಗೆ ಕನ್ನಡವೂ ಬರುತ್ತಿರಲಿಲ್ಲ, ಹಿಂದಿಯೂ ಬರುತ್ತಿರಲಿಲ್ಲ. ಅವನು ಅಂಗೈಯಲ್ಲಿ ಹೆಬ್ಬೆರಳಿನಿಂದ ತಿಕ್ಕಿ ತೋರಿಸಿ ಮುಖ ಸಿಂಡರಿಸಿದ. ಮೂರನೆಯವನಿಗೆ ಕೊಡುವ ಅಗತ್ಯವೇ ಬರಲಿಲ್ಲ.

ಪಾರಿಸಣ್ಣನವರು ಹೊಟ್ಟೆ ಹಿಡಿದು ನಕ್ಕರು. ಕಿಸೆಯಿಂದ ಕೀಲಿ ತೆಗೆದು ಅವಳ ಮುಂದೆ ಹಿಡಿದರು.

“ತಪ್ಪ ಮಾಡಿದ್ದ ನಾವೆಲ್ಲಾರೂ. ಒಪ್ಪಿಕೊಂಡಾಕಿ ನೀ ಒಬ್ಬಾಕಿ. ಇದು ನಿನ್ನ ಹತ್ರನ ಇರಲಿ.”

ಅವಳು ಕೈ ಮುಗಿದಳು. ಬುತ್ತಿಯ ಚೀಲದಿಂದ ಭರಮುವಿನ ಆ ಹಳೆಯ ಚೀಟಿ ತೆಗೆದು ಕೊಟ್ಟಳು. ಪಾರಿಸಣ್ಣನವರು ಎರಡು ಸಲ ಓದಿದರು. ಮಿರಜದ ಲಾರಿ ಕಾಗವಾಡದಲ್ಲೇ ಮಾಲು ಇಳಿಸಬೇಕು, ಅಲ್ಲೊಂದು ಚೊಕ್ಕ ಗೋಡೌನ್ ಹಿಡಿಯಬೇಕು, ನಿಪ್ಪಾಣಿಯ ಪಾಲಿನ ಚಹಾಕ್ಕೂ ಬೇರೆ ಕೋಣೆ ಮಾಡಬೇಕು ಎಂದು ಅಲ್ಲೇ ನಿರ್ಧಾರವಾಯಿತು. ಇಂಥ ಹುಡುಗನನ್ನು ಕಳೆದುಕೊಂಡೆವಲ್ಲ ಎಂದು ನಿಟ್ಟುಸಿರು ಬಿಟ್ಟರು.

“ನಾನ ಹೋಗಿ ಕರಕೊಂಡ ಬರತೇನ್ರಿ.”

ಅವರು ಕನ್ನಡಕದ ಮೇಲಿನಿಂದ ಅವಳನ್ನು ನೋಡಿದರು. ಬಾಳಾಸಾಬ ಮತ್ತೆ ಮೀಸೆಯಲ್ಲೇ ನಕ್ಕ.

*

ಹದಿನೈದು ದಿನದ ಮೇಲೆ ಕಾಗವಾಡದಲ್ಲಿ ಮೊದಲ ಲಾರಿ ಮಾಲು ಇಳಿಸಿತು. ಆ ಮಾಲಿನ ಒಂದು ಪೊಟ್ಟಣವನ್ನು ಅಲ್ಲೇ ಕೊಂಡ ಹೊಸ ಸ್ಟೀಲ್ ಡಬ್ಬಿಯಲ್ಲಿ ಮುಚ್ಚಿ, ಮಡಿಲಲ್ಲಿಟ್ಟುಕೊಂಡು ದ್ರೌಪದಿ ಬಾಳಾಸಾಬನ ವ್ಯಾನಿನಲ್ಲಿ ತೆಲಸಂಗಕ್ಕೆ ಹೊರಟಳು. ದಾರಿಯುದ್ದಕ್ಕೂ ಮಾತು ಕಟ್ಟಿಕೊಂಡಳು, ಕೆಡವಿದಳು, ಮತ್ತೆ ಕಟ್ಟಿಕೊಂಡಳು.

ಬೇವಿನ ಮರದ ಕೆಳಗೆ ಅವನು ಸೈಕಲ್ಲಿನ ಚೈನು ಏರಿಸುತ್ತ ಕೂತಿದ್ದ. ಈಗ ಸೈಕಲ್ ಮೇಲೆ ಸಾಬೂನು, ಕಡ್ಡಿಪೆಟ್ಟಿಗೆ ಹೇರಿಕೊಂಡು ತೋಟದ ಮನೆಗಳಿಗೆ ಮಾರುತ್ತಿದ್ದ. ಹಿಂದಿನ ಕ್ಯಾರಿಯರಿಗೆ ಕಟ್ಟಿದ್ದು ಏಜೆನ್ಸಿಯ ಹಳೆಯ ಬಾಕ್ಸು. ಅದರ ಮೇಲೆ ಸೀಮೆಸುಣ್ಣದ ದುಂಡು ಅಕ್ಷರದಲ್ಲಿ ‘ತೆಲಸಂಗ’ ಎಂದಿತ್ತು. ಅಳಿಸಬಾರದೆಂದು ಮೇಲೆ ಪ್ಲಾಸ್ಟಿಕ್ ಸುತ್ತಿದ್ದ.

ದ್ರೌಪದಿ ದಾರಿಯಲ್ಲಿ ಕಟ್ಟಿಕೊಂಡ ಮಾತೆಲ್ಲ ಅಲ್ಲೇ ಮರೆತಳು.

ಅವನು ಎದ್ದು ನಿಂತ. ಎಣ್ಣೆಯ ಕೈಯನ್ನು ಎಲ್ಲಿ ಒರೆಸಬೇಕೋ ತಿಳಿಯದೆ ಬೆನ್ನ ಹಿಂದೆ ಮರೆ ಮಾಡಿದ.

“ನೀವು ಹೇಳಿದ್ದು ಖರೇ ಇತ್ರಿ,” ಅಂದಳು ಅವಳು. “ನನಗ ತಿಳೀಲಿಲ್ಲ. ತಿಳೀದ ನಿಮ್ಮನ್ನ ಕಳಕೊಂಡ್ನಿ.”

ಚಿಕ್ಕೋಡಿಯ ಬೆಂಚಿನ ಕಥೆಯನ್ನು ಅವಳು ಯಾರಿಗೂ ಹೇಳಿರಲಿಲ್ಲ. ಅವನಿಗೆ ಹೇಳಿದಳು. ಮಂಗಸೂಳಿಯದನ್ನೂ ತಾಯಿಯ ಕೈಗಳದನ್ನೂ ಹೇಳಿದಳು. ಭರಮು ಪೂರ್ತಿ ಕೇಳಿದ.

“ಅವತ್ತ ವ್ಯಾನಿನ ಹತ್ರ ನಾ ಬ್ಯಾರೇನ ಹೇಳಾಕ ಬಂದಿದ್ನಿ,” ಅಂದ. “ನಮ್ಮವ್ವ ಆಡು ಸಾಕ್ಯಾಳ. ಆಕಿ ಸೆರಗಿಗೆ ಆಡಿನ ವಾಸನಿ. ನನಗ ಎಂದೂ ಬಂದಿರಲಿಲ್ಲ. ಕಬ್ಬಿನ ಫ್ಯಾಕ್ಟರಿಗೆ ಎರಡ ತಿಂಗಳ ದುಡ್ಯಾಕ ಹೋಗಿ ಬಂದಾಗ ತಿಳೀತು. ಅವತ್ತ ನಾನೂ ಅತ್ತೇನ್ರಿ. ತಂಬಾಕಿನ ವಾಸನಿ ಇರೂ ಮನಿ ನನಗ ಹೊಲಸ ಅಲ್ಲ ಅಂತ ಹೇಳಬೇಕಾಗಿತ್ತು. ಹೇಳಾಕ ಆಗಲಿಲ್ಲ.”

“ನಾ ಬಿಡಲಿಲ್ಲ,” ಅಂದಳು ಅವಳು. ಕಣ್ಣು ತುಂಬಿ ಬಂದವು. “ನಿಮ್ಮ ಉಪಕಾರ ಭಾಳ ಐತ್ರಿ ನನ್ನ ಮ್ಯಾಲ. ನಿಮ್ಮಿಂದ ನಮ್ಮವ್ವ ಯಾರು ಅಂತ ತಿಳೀತು.”

ಧಣಿಯವರು ಕಾಗವಾಡದ ಹೊಸ ಗೋಡೌನಿನ ಕೀಲಿ ಅವನಿಗೇ ಕೊಡುತ್ತಾರೆ ಎಂದು ತಿಳಿಸಿದಳು. ಅವನು ಮುಗುಳ್ನಕ್ಕ. ಮೊದಲು ಮನೆಗೆ ಬರಬೇಕು, ಚಹಾ ಕುಡಿಯಬೇಕು ಎಂದ.

ಅವನ ತಾಯಿ ಸೀತವ್ವ ಆಡಿನ ಹಾಲು ಒಲೆಯ ಮೇಲಿಟ್ಟಳು. ದ್ರೌಪದಿ ಡಬ್ಬಿ ತೆರೆದು ಚಹಾಪುಡಿ ತಾನೇ ಹಾಕಿದಳು. ಕುದಿ ಬಂತು. ಸೀತವ್ವ ಎರಡು ಕಪ್ಪಿಗೆ ಸೋಸಿ ಕೊಟ್ಟು, ಕಟ್ಟಿದ ಆಡನ್ನೇ ಮತ್ತೆ ಕಟ್ಟಲು ಹಿತ್ತಲಿಗೆ ಹೋದಳು. ಹೊರಗೆ ಬಾಳಾಸಾಬನೂ ಸರಿಯಾಗಿದ್ದ ಟೈರನ್ನು ಬಿಚ್ಚಿ ಕೂತಿದ್ದ.

ಭರಮು ಒಂದು ಗುಟುಕು ಕುಡಿದ. ದ್ರೌಪದಿ ಅವನ ಮುಖವನ್ನೇ ನೋಡುತ್ತಿದ್ದಳು.

“ವಾಸನಿ ಐತೇನ್ರಿ?”

“ಚಹಾದಾಗ ಇಲ್ರಿ.” ಅವನು ಕಪ್ಪು ಇಳಿಸಿದ. “ಆದ್ರ ಇಲ್ಲೇ ಎಲ್ಲ್ಯೋ ಐತಿ.”

ಅವಳು ಗಾಬರಿಯಿಂದ ಸೆರಗು ಒಳಗೆ ಎಳೆದುಕೊಂಡಳು. ಈಗ ಅವಳಿಗೆ ಮತ್ತೆ ಏನೂ ತಿಳಿಯುತ್ತಿರಲಿಲ್ಲ. ನಾಲ್ಕನೇ ದಿನವೇ ಮೂಗು ಮರೆತಿತ್ತು.

“ನಂದೈತೇನ್ರಿ? ನಿಮಗ ಬ್ಯಾಡಾಗಿತ್ತ ಅಂದ್ರ…”

“ಎರಡ ತಿಂಗಳಿಂದ ಇದನ್ನ ಹುಡುಕ್ಯಾಡಾಕತ್ತಿದ್ನಿ,” ಅಂದ ಭರಮು. “ದ್ರೌಪದಿ, ನಂದೊಂದು ಆಸೆ ಐತಿ. ಈ ವಾಸನಿ ನನಗೂ ತಿಳೀಲಾರದಂಗ ಆಗೂಮಟ ನೀವು ನನ್ನ ಹತ್ರ ಇರಬೇಕು.”

ಬಾಯಾರ ಅನ್ನದೆ ಅವನು ಅವಳ ಹೆಸರು ಹಿಡಿದದ್ದು ಅದೇ ಮೊದಲು. ಅವಳ ಕೆನ್ನೆಯ ಮೇಲೆ ಕಣ್ಣೀರು ಇಳಿಯಿತು, ಜೊತೆಗೇ ನಗುವೂ ಬಂತು.

“ಅದಕ್ಕ ಮೂರ ದಿನಾ ಸಾಕ ಅಂತಾಳ ನಮ್ಮವ್ವ.”

“ನನ್ನ ಮೂಗು ಭಾಳ ಚುರುಕ್ರಿ. ಒಂದು ಜನ್ಮ ಹಿಡದೀತು.”

ದ್ರೌಪದಿ ಅವನ ಕೈಯಿಂದ ಆ ಅರ್ಧ ಕಪ್ಪು ಇಸಿದುಕೊಂಡು ಉಳಿದ ಚಹಾ ತಾನು ಕುಡಿದಳು.

“ಹಂಗಾದ್ರ ಇವತ್ತಿಂದನ ಸುರು ಮಾಡೂಣ್ರಿ,” ಅಂದಳು.